ಉಸಿರು ಬಿಗಿಹಿಡಿದು ಎತ್ತೋದು ಗಂಡಸ್ತನ ಅಲ್ಲ

1/9
ದೋಸ್ತರಾ, ಬಾದಾಮಿಯಿಂದ ಹುನಗುಂದ, ಇಳಕಲ್‌ವರೆಗೆ ಎದಿ ಉರಿಗೆ ನಮ್ಮ ಮಂದಿ ಇಟ್ಟಿರೋದು ಒಂದೇ ಹೆಸರು: ಗ್ಯಾಸ್. ಹುಳಿತೇಗು ಬಂದ್ರ ಗ್ಯಾಸ್. ಬೂಟಿನ ಲೇಸ್ ಕಟ್ಟಾಕ ಬಗ್ಗಿದಾಗ ಉಂಡದ್ದು ಗಂಟಲಿಗೆ ಬಂದ್ರ ಗ್ಯಾಸ್. ರಾತ್ರಿ ಅಂಗಾತ ಮಲಗಿದಾಗ ಎದಿ ನಡುವ ಕೆಂಡ ಇಟ್ಟಂಗ ಆದ್ರೂ ಗ್ಯಾಸ್. ಒಂದು ಸೋಡಾ ಕುಡಿ, ತೇಗು ಬಿಡು, ನಾಳೆ ಮತ್ತ ಜಿಮ್ಮಿಗೆ ಬಾ. ಇಷ್ಟೇ ನಮ್ಮ ವೈದ್ಯಶಾಸ್ತ್ರ.

ನಾನು ಇದನ್ನ ಒಪ್ಪೋದಿಲ್ಲ. ಆ ‘ಗ್ಯಾಸ್’ ಕೆಲವರಿಗೆ ಹಯಾಟಲ್ ಹರ್ನಿಯಾ ಆಗಿರ್ತೈತಿ. ಅಂಥವರಿಗೆ ನಮ್ಮ ಕಡೆ ಸಿಗೋದು ಎರಡೇ ಸಲಹೆ. ‘ಏನೂ ಆಗಂಗಿಲ್ಲ, ಎತ್ತಲೇ!’ ಅನ್ನೋದು ಒಂದು. ‘ಇನ್ನ ಮ್ಯಾಲ ಏನೂ ಮಾಡಬ್ಯಾಡ, ಸುಮ್ಮನ ಕೂಡು’ ಅನ್ನೋದು ಇನ್ನೊಂದು. ಎರಡೂ ತಪ್ಪು. ಯಾಕ ಅಂತ ಓದ್ರಿ.

2/9
ಮೊದಲು ನಗೋದು ನಿಲ್ಲಿಸ್ರಿ. ಹರ್ನಿಯಾ ಅಂದ ಕೂಡಲೇ ಎಲ್ಲರ ತಲ್ಯಾಗ ಬರೋದು ತೊಡೆಸಂದಿನ ಹರ್ನಿಯಾ. ಹಿಂಗಾಗಿ ಹುಡುಗರು ನಾಚಿ ಬಾಯಿ ಬಿಡಂಗಿಲ್ಲ, ಹುಡುಗಿಯರು ‘ಇದು ನಮ್ಮ ವಿಷಯ ಅಲ್ಲ’ ಅಂತ ಸ್ಕ್ರೋಲ್ ಮಾಡ್ತಾರ. ಇದು ಬ್ಯಾರೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನೋ ಸ್ನಾಯುವಿನ ಪರದೆ ಇದೆ. ಅದರಲ್ಲೊಂದು ಕಿಂಡಿ. ಅನ್ನನಾಳ ಆ ಕಿಂಡಿಯಲ್ಲಿ ಇಳಿದು ಜಠರ ಸೇರುತ್ತದೆ. ಕಿಂಡಿ ಸಡಿಲಾಗಿ ಜಠರದ ಮೇಲ್ಭಾಗ ಎದೆಯ ಕಡೆ ಜಾರಿದರೆ ಅದೇ ಹಯಾಟಲ್ ಹರ್ನಿಯಾ. ಹೆಚ್ಚಿನವರಲ್ಲಿ ಇರೋದು ಮೇಲೆ ಕೆಳಗೆ ಜಾರುವ ಬಗೆಯದ್ದು. 50 ದಾಟಿದವರಲ್ಲಿ ಜಾಸ್ತಿ, ಆದ್ರ ನಮ್ಮ ವಯಸ್ಸಿನವರಿಗೆ ಬರಂಗೇ ಇಲ್ಲ ಅಂತಲ್ಲ. ಕೆಲವರಿಗೆ ಯಾವ ತ್ರಾಸೂ ಇರೋದಿಲ್ಲ.

ಪಟ್ಟದಕಲ್ಲಿನಾಗ ಮಲಪ್ರಭೆ ಉತ್ತರಕ್ಕ ತಿರುಗಿ ಹರಿತಾಳ, ಅದಕ್ಕ ಆ ಜಾಗ ಪುಣ್ಯ ಅಂತಾರ. ಹೊಟ್ಟ್ಯಾಗಿನ ಆಮ್ಲ ಮ್ಯಾಲಕ್ಕ ತಿರುಗಿದ್ರ ಯಾವ ಪುಣ್ಯಾನೂ ಇಲ್ಲ. ಉರಿ ಅಷ್ಟೇ.

3/9
ಈಗ ‘ಎತ್ತಲೇ’ ಪಾರ್ಟಿಗೆ. ಜಾತ್ರ್ಯಾಗ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತಿದವರಿಗೆ ಸಿಳ್ಳೆ ಹೊಡೆಯೋರೊಳಗ ನಾನೂ ಒಬ್ಬ. ಎತ್ತಿದವರಿಗೆಲ್ಲ ಹರ್ನಿಯಾ ಆಗ್ತೈತಿ ಅಂತ ನಾನು ಹೇಳ್ತಿಲ್ಲ. ಆದ್ರ ಕಿಂಡಿ ಮೊದಲೇ ಸಡಿಲ ಇದ್ದೋನು ಉಸಿರು ಬಿಗಿಹಿಡಿದು ಭಾರ ಎತ್ತಿದ್ರ ಏನಾಗ್ತೈತಿ? ಪೇಸ್ಟಿನ ಟ್ಯೂಬ್ ನಡುವ ಹಿಚುಕಿ ನೋಡ್ರಿ. ಒತ್ತಡ ಕೆಳಗ, ಪೇಸ್ಟ್ ಬರೋದು ಬಾಯಿಂದ. ಹೊಟ್ಟಿದೂ ಅದೇ ಲೆಕ್ಕ.

ಸೊಂಟಕ್ಕ ಬಿಗಿಯಾಗಿ ಬೆಲ್ಟ್ ಕಟ್ಟಿದ್ರ ‘ಹರ್ನಿಯಾ ಒಳಗ ಕೂಡ್ತೈತಿ’ ಅನ್ನೋರೂ ಅದಾರ. ಈ ಹರ್ನಿಯಾ ಇರೋದು ಎದೆಗೂಡಿನ ಹತ್ತಿರ. ಸೊಂಟದ ಬೆಲ್ಟ್ ಅದನ್ನ ಹಿಡಿಯಂಗಿಲ್ಲ, ಹೊಟ್ಟಿ ಒತ್ತಿ ಇನ್ನಷ್ಟು ಮ್ಯಾಲಕ್ಕ ದಬ್ಬತೈತಿ.

ಗರಡಿಮನಿಗೆ ಒಂದು ಸಲಾಂ ಹೇಳಲೇಬೇಕು. ‘ಹೊಟ್ಟಿ ತುಂಬ ಉಂಡು ಗರಡಿಗೆ ಬರಬ್ಯಾಡ’ ಅಂತ ಹಳೇ ಉಸ್ತಾದರು ಹೇಳ್ತಿದ್ದದ್ದು ನೂರಕ್ಕ ನೂರು ಸರಿ. ನಾವು ಅದನ್ನ ಬಿಟ್ಟು ಬಾಳೆಹಣ್ಣು, ಶೇಂಗಾ, ಪ್ರೋಟೀನ್ ಶೇಕ್ ಹೊಟ್ಟಿಗಿಳಿಸಿ 10 ನಿಮಿಷದಾಗ ಬೆಂಚ್ ಮ್ಯಾಲ ಅಂಗಾತ ಮಲಗ್ತೀವಿ.

4/9
ಇನ್ನ ‘ಸುಮ್ಮನ ಕೂಡು’ ಪಾರ್ಟಿ. ಪ್ರೀತಿಯಿಂದ ಹೇಳೋದು ಹೌದು, ಆದ್ರ ಕೆಡಿಸೋದು ಇವರೂ ಅಷ್ಟೇ. ಕೂತಲ್ಲೇ ಕೂತರ ತೂಕ ಏರ್ತೈತಿ. ಹೊಟ್ಟೆಯ ಕೊಬ್ಬು ದಿನದ 24 ತಾಸೂ ಜಠರವನ್ನ ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಜಿಮ್ಮಿನ ಭಾರ ಆದ್ರ ಒಂದು ತಾಸಿಗೆ ಇಳಿಸಿ ಬರಬಹುದು, ಇದನ್ನ ಇಳಿಸಿ ಬರಾಕ ಆಗಂಗಿಲ್ಲ. ಹೆಚ್ಚು ತೂಕ ಇದ್ದವರಿಗೆ ಉರಿ ಕಮ್ಮಿ ಮಾಡೋ ಗಟ್ಟಿ ದಾರಿಗಳಲ್ಲಿ ತೂಕ ಇಳಿಸೋದೂ ಒಂದು. ಅಂದ್ರ ಹರ್ನಿಯಾ ಇದ್ದವರು ವ್ಯಾಯಾಮ ಬಿಡಬಾರದು, ಬದಲಿಸಬೇಕು.

5/9
ಈ ಮಾತು ಜಿಮ್ ಹುಡುಗರಿಗೆ ಮಾತ್ರ ಅಲ್ಲ. ಉಂಡ ಕೂಡಲೇ ಕುಣಿಮಗ್ಗಕ್ಕ ಬಗ್ಗಿ ಕೂಡೋ ಇಳಕಲ್ಲಿನ ಅಣ್ಣ, ಉಸಿರು ಕಟ್ಟಿ ತುಂಬಿದ ಕೊಡ ಎತ್ತೋ ಅವ್ವ, ಇವರ ಹೊಟ್ಟಿ ಮ್ಯಾಲೂ ಅದೇ ಒತ್ತಡ. ಹುಡುಗ ಎದಿ ಹಿಡಕೊಂಡ್ರ ಇಸಿಜಿ, ಅವ್ವ ಎದಿ ಹಿಡಕೊಂಡ್ರ ‘ಜೀರಿಗಿ ನೀರು ಕುಡಿ’. ಇದ್ಯಾವ ನ್ಯಾಯ?

6/9
ರೀಲ್ಸ್ ಡಾಕ್ಟರರಿಗೆ ಒಂದು ಮಾತು. ಬಿಸಿನೀರು ಕುಡಿದು ಹಿಮ್ಮಡಿ ಮ್ಯಾಲ ಧಪ್ ಅಂತ ಜಿಗಿದ್ರ ಜಠರ ತನ್ನ ಜಾಗಕ್ಕ ಇಳಿದು 7 ದಿನದಾಗ ವಾಸಿ ಅಂತೀರಿ. ಸಡಿಲಾದ ಕಿಂಡಿ ಜಿಗಿತಕ್ಕೆ ಬಿಗಿಯಾಗೋದಿಲ್ಲ. ‘ಯೋಗ ಅಂದ್ರ ಎಲ್ಲಾ ಒಳ್ಳೇದು’ ಅನ್ನೋದೂ ಅರ್ಧ ಮಾತು. ಶೀರ್ಷಾಸನ, ಹಲಾಸನದಾಗ ಹೊಟ್ಟಿ ಮ್ಯಾಲ, ಗಂಟಲು ಕೆಳಗ. ಮಯೂರಾಸನದಾಗ ಮೊಣಕೈ ನೇರ ಹೊಟ್ಟಿಗೆ ಒತ್ತತೈತಿ. ಜೂನ್ 21ಕ್ಕ ಫೋಟೋಕ್ಕಂತ ಇವನ್ನ ಮಾಡಬ್ಯಾಡ್ರಿ. ಆರಾಮಾಗಿ ಕೂತು ಹೊಟ್ಟೆಯುಸಿರು ಆಡೋದು ಮಾತ್ರ ಚಲೋ. ವಪೆಗೆ ಅದೇ ವ್ಯಾಯಾಮ, ಕೆಲವರಿಗೆ ಆಮ್ಲ ಮೇಲೆ ಬರೋದೂ ಕಮ್ಮಿಯಾಗುತ್ತದೆ.

7/9
ಹಂಗಾದ್ರ ಏನು ಮಾಡಬೇಕು? ಸೇವ್ ಮಾಡ್ಕೋರಿ.

▪️ ಊಟ ಆಗಿ 2-3 ತಾಸು ಬಿಟ್ಟು ವ್ಯಾಯಾಮ. ನಡುವ ನೀರು ಗುಟುಕು ಗುಟುಕಾಗಿ, ಒಮ್ಮೆಲೇ ಅರ್ಧ ಬಾಟ್ಲಿ ಬ್ಯಾಡ.
▪️ ಸಮತಟ್ಟು ದಾರ್‍ಯಾಗ 30 ನಿಮಿಷ ಬಿರುಸಾಗಿ ನಡೀರಿ. ನೆಟ್ಟಗೆ ಕೂತು ಸೈಕಲ್ ತುಳೀರಿ.
▪️ ಭಾರ ಬೇಕೇ ಬೇಕಂದ್ರ ಡಾಕ್ಟರನ್ನ ಕೇಳಿ, ತಿಣುಕದೇ 12-15 ಸಲ ಎತ್ತೋವಷ್ಟು ಹಗುರ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತಗೊಳ್ಳಿ. ಉಸಿರು ಕಟ್ಟೋವಷ್ಟು ಭಾರ ನಿಮ್ಮದಲ್ಲ.
▪️ ಕ್ರಂಚಸ್, ಲೆಗ್ ರೈಸ್, ಭಾರೀ ಡೆಡ್‌ಲಿಫ್ಟ್, ತಲೆ ಕೆಳಗಾಗೋ ಬೆಂಚ್ ದೂರ ಇಡ್ರಿ.
▪️ ಉರಿ ಶುರುವಾದ್ರ ಅಲ್ಲೇ ನಿಲ್ಲಿಸ್ರಿ. ಮಲಗಬ್ಯಾಡ್ರಿ, ನೆಟ್ಟಗೆ ನಿಂತು ನಿಧಾನ ಓಡಾಡ್ರಿ.
▪️ ಮಲಗೋಕೆ 3 ತಾಸು ಮೊದಲು ಊಟ ಮುಗಿಸ್ರಿ. ರೊಟ್ಟಿ ಬಿಡಬೇಕಿಲ್ಲ, ಒಮ್ಮೆಲೇ ಹೊಟ್ಟಿ ಬಿರಿಯೋವಷ್ಟು ಬ್ಯಾಡ. ರಾತ್ರಿ 10ಕ್ಕ ಮಿರ್ಚಿ ಭಜಿ, ಗಿರ್ಮಿಟ್ಟು, ಮ್ಯಾಲೊಂದು ಸೋಡಾ ಬ್ಯಾಡವೇ ಬ್ಯಾಡ.
▪️ ಮಂಚದ ತಲೆಕಡೆ ಕಾಲಿಗೆ ಇಟ್ಟಿಗಿ ಇಟ್ಟು 6-8 ಇಂಚು ಎತ್ತರಿಸ್ರಿ. ದಿಂಬು ಒಟ್ಟಿದ್ರ ಹೊಟ್ಟಿ ಮಡಚತೈತಿ. ಎಡಮಗ್ಗಲಿಗೆ ಮಲಗ್ರಿ.
▪️ ಗುಟ್ಕಾ, ಸಿಗರೇಟ್ ಬಿಡ್ರಿ. ನಿಕೋಟಿನ್ ಅನ್ನನಾಳದ ಕೆಳಗಿನ ಬಾಗಿಲನ್ನ ಸಡಿಲ ಮಾಡ್ತೈತಿ.
▪️ ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸ್ವಂತ ಬುದ್ಧಿಯಿಂದ ನುಂಗಬ್ಯಾಡ್ರಿ, ಜಠರ ಸುಡ್ತಾವು. ಪ್ಯಾಂಟೊಪ್ರಜೋಲ್‌ನಂಥ ಗುಳಿಗಿ ಡಾಕ್ಟರ್ ಹೇಳಿದಷ್ಟು ದಿನ, ನಾಷ್ಟಾಕ್ಕ ಅರ್ಧ ತಾಸು ಮೊದಲು.

8/9
ಇದನ್ನ ಎರಡು ಸಲ ಓದ್ರಿ. ಎದಿ ನೋವು ಅಂದ್ರ ಮೊದಲು ಹೃದಯ, ಆಮೇಲೆ ಗ್ಯಾಸ್. 2021ರ ಅಕ್ಟೋಬರ್ 29ರಂದು ಅಪ್ಪು 46ನೇ ವಯಸ್ಸಿಗೆ ಹೋದ್ರು. ಆ ವಾರ ಎಲ್ಲರೂ ಹೃದಯದ ಬಗ್ಗೆ ಸ್ಟೇಟಸ್ ಹಾಕಿದ್ವಿ, ಆಮೇಲೆ ಮರೆತ್ವಿ. ನೋವು ತೋಳಿಗೆ, ದವಡೆಗೆ ಹರಿದ್ರ, ಬೆವರು ಬಂದ್ರ, ಉಸಿರು ಸಿಗದಿದ್ರ 108ಕ್ಕ ಫೋನ್ ಮಾಡ್ರಿ. ಸೋಡಾ ಅಂಗಡಿಗೆ ಹೋಗಬ್ಯಾಡ್ರಿ.

ಊಟ ಗಂಟಲಾಗ ಸಿಕ್ಕಿದಂಗ ಆಗೋದು, ಕಾರಣ ಇಲ್ಲದೆ ತೂಕ ಇಳಿಯೋದು ಕಂಡ್ರ ತಡಮಾಡದೆ ಡಾಕ್ಟರ್ ಹತ್ತಿರ ಹೋಗ್ರಿ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಜೋರು ನೋವಿನ ಜೊತೆ ವಾಂತಿ ಬಂದಂಗಾಗಿ ಬರದೇ ಇರೋದು ತುರ್ತು, ಅದೇ ತಾಸಿನಾಗ ಆಸ್ಪತ್ರೆ. ಹರ್ನಿಯಾ ಐತೋ ಇಲ್ಲೋ ಹೇಳೋದು ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇ. ಜಿಮ್ಮಿನ ಅಣ್ಣ ಅಲ್ಲ, ನಾನೂ ಅಲ್ಲ. ಐತಿ ಅಂದ್ರೂ ಹೆಚ್ಚಿನವರಿಗೆ ಆಪರೇಷನ್ ಬೇಕಾಗಂಗಿಲ್ಲ.

9/9
ಕಡೀ ಮಾತು ಪೊಲೀಸ್ ಭರ್ತಿಗೆ ಬೆಳಗಿನ 5ಕ್ಕ ಓಡೋ ಗೆಳೆಯರಿಗೆ. 1,600 ಮೀಟರ್ 6 ನಿಮಿಷ 30 ಸೆಕೆಂಡಿನಾಗ ಮುಗಿಸಬೇಕು, ಮನ್ಯಾಗ ಆ ನೌಕರಿ ಮ್ಯಾಲೇ ಎಲ್ಲರ ಕಣ್ಣು. ‘ಹೇಳಿದ್ರ ತೆಗೆದುಹಾಕ್ತಾರ’ ಅನ್ನೋ ಹೆದರಿಕಿ ನನಗ ಅರ್ಥ ಆಗ್ತೈತಿ. ಆದ್ರ ಮುಚ್ಚಿಟ್ರ ಉರಿ ಹೋಗಂಗಿಲ್ಲ, ನಾಲ್ಕನೇ ಸುತ್ತಿನಾಗ ಅದೇ ನಿಮ್ಮನ್ನ ನಿಲ್ಲಿಸ್ತೈತಿ. ಭರ್ತಿಗೆ ಇನ್ನೂ ತಿಂಗಳು ಇರುವಾಗಲೇ ತೋರಿಸ್ಕೊಂಡ್ರ ಊಟದ ಹೊತ್ತು, ಉಸಿರು, ಗುಳಿಗಿ ಸರಿಮಾಡ್ಕೊಳ್ಳಾಕ ಟೈಮ್ ಸಿಗ್ತೈತಿ.

ಜಿಮ್ ನಡೆಸೋರು, ಪಿಟಿ ಮಾಸ್ತರು ನನ್ನ ಪೋಸ್ಟ್ ನೋಡ್ತಿದ್ರ, ಕೇಳೋದು ಇಷ್ಟೇ. ಫೀ ತಗೊಳ್ಳೋ ಮೊದಲು ಎರಡು ಪ್ರಶ್ನೆ ಕೇಳ್ರಿ: ‘ಎದಿ ಉರಿತೈತೇನು? ಬಗ್ಗಿದ್ರ ಹುಳಿ ಮ್ಯಾಲ ಬರ್ತೈತೇನು?’ ಹೌದು ಅಂದವನನ್ನ ನಗಬ್ಯಾಡ್ರಿ, ಹೊರಗೂ ಹಾಕಬ್ಯಾಡ್ರಿ. ಉಸಿರು ಬಿಡೋದನ್ನ ಕಲಿಸ್ರಿ. ಅದಕ್ಕ ಹೊಸ ಮಷೀನ್ ಬೇಕಾಗಿಲ್ಲ.

ದಿನಾ ಸೋಡಾ ಕುಡಿಯೋ ಆ ಒಬ್ಬ ದೋಸ್ತನ್ನ ಕೆಳಗ ಟ್ಯಾಗ್ ಮಾಡ್ರಿ. ಯಾರು ಅಂತ ನಿಮಗ ಗೊತ್ತೈತಿ.

#ಗ್ಯಾಸ್ಅಲ್ಲಲೇ #ಉಸಿರುಬಿಡು #ಹಯಾಟಲ್‌ಹರ್ನಿಯಾ #ಪಟ್ಟದಕಲ್ಲು #ಬಾದಾಮಿ #ಇಳಕಲ್ #ನಮ್ಮಬಾಗಲಕೋಟೆ