ಪಿತ್ತನಾಳದ ಕಿರುಬಾಗಿಲು

ಮೈಸೂರಿನ ಹೆಬ್ಬಾಳದಿಂದ ಸೋದರಿಯೊಬ್ಬರು ಬರೆದಿದ್ದಾರೆ: "ನಮ್ಮ ಅತ್ತೆಯವರಿಗೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆಯಾಗಿದೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿದರೂ ನಾಳದೊಳಗೆ ಪ್ರವೇಶ ದೊರೆಯಲಿಲ್ಲವಂತೆ. ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸುವುದಾಗಿ ವೈದ್ಯರು ಹೇಳುತ್ತಾರೆ. ಬಂಧುಗಳು ನಾಟಿ ಔಷಧಿಯೇ ಸಾಕೆನ್ನುತ್ತಾರೆ. ಏನು ಮಾಡಲಿ?"

ತಾಯಿ, ಮೊದಲ ಯತ್ನ ಫಲಿಸದಿದ್ದುದನ್ನು ವೈದ್ಯರ ಅಸಾಮರ್ಥ್ಯವೆಂದು ಭಾವಿಸಬೇಡಿ. ಪಿತ್ತನಾಳವು ಸಣ್ಣಕರುಳಿನ ಮೊದಲ ಭಾಗದಲ್ಲಿ ಪುಟ್ಟದೊಂದು ಉಬ್ಬಿನ ತುದಿಯಲ್ಲಿ ತೆರೆಯುತ್ತದೆ. ಮೇದೋಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಅಲ್ಲಿಯೇ ಕೂಡುವುದರಿಂದ ಒಳಗೆ ತೂರಿಸುವ ತಂತಿಯು ದಾರಿ ತಪ್ಪುವುದುಂಟು. ಪದೇ ಪದೇ ಹಾಗಾದರೆ ಆ ಗ್ರಂಥಿಗೆ ಉರಿಯೂತವಾಗಬಹುದು. ಅದು ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಐದು ನಿಮಿಷ ಅಥವಾ ಐದು ಯತ್ನಗಳನ್ನು ಮೀರಿದರೆ ಅದನ್ನು 'ಕಠಿಣ ಪ್ರವೇಶ'ವೆಂದೆಣಿಸಿ ಮಾರ್ಗ ಬದಲಿಸಬೇಕೆಂಬುದು ಯುರೋಪಿನ ತಜ್ಞರ ಸಲಹೆ. ಹಠ ಹಿಡಿಯದೆ ನಿಲ್ಲಿಸುವುದೂ ವಿವೇಕವೇ.

ಇ.ಆರ್.ಸಿ.ಪಿ. ಎಂಬ ಈ ವಿಧಾನವನ್ನು 1968ರಲ್ಲಿ ಅಮೆರಿಕದ ಮೆಕ್ಯೂನ್ ಮತ್ತು ಸಂಗಡಿಗರು ಮೊದಲು ವರದಿ ಮಾಡಿದರು. 1974ರಲ್ಲಿ ಜಪಾನಿನ ಕವಾಯ್, ಜರ್ಮನಿಯ ಕ್ಲಾಸೆನ್ ಮೊದಲಾದವರು ನಾಳದ್ವಾರವನ್ನು ಕೊಯ್ದು ಅಗಲಿಸುವ ಕ್ರಮವನ್ನು ತೋರಿದರು. ಇಂದು ಉಪಾಯಗಳು ಹಲವು. ದಾರಿ ತಪ್ಪಿದ ತಂತಿಯನ್ನು ಅಲ್ಲಿಯೇ ಗುರುತಾಗಿ ಬಿಟ್ಟು, ಎರಡನೆಯ ತಂತಿಯನ್ನು ಪಿತ್ತನಾಳಕ್ಕೆ ಹಾಯಿಸಬಹುದು. ಸೂಜಿಯಂತಹ ವಿದ್ಯುತ್ ಕತ್ತಿಯಿಂದ ಉಬ್ಬನ್ನು ಕೊಂಚ ಸೀಳಿ ದಾರಿ ಮಾಡಬಹುದು. ಅದೂ ಆಗದಿದ್ದರೆ ಹೊಟ್ಟೆಯ ಹೊರಗಿನಿಂದ ಯಕೃತ್ತಿನ ಮೂಲಕ ನಾಳವನ್ನು ತಲುಪಬಹುದು. ಉರಿಯೂತವನ್ನು ತಗ್ಗಿಸಲು ಗುದದ್ವಾರದಲ್ಲಿ ಇಡುವ ಔಷಧವೂ ಉಂಟು.

ಇನ್ನು ನಾಟಿ ಔಷಧಿಯ ಮಾತು. ವೈರಾಣುವಿನಿಂದ ಬರುವ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ನಾಳದಲ್ಲಿ ಸಿಕ್ಕಿದ ಕಲ್ಲನ್ನು ಆ ರಸವು ಕದಲಿಸಲಾರದು. ಕಾಮಾಲೆಯೊಡನೆ ಚಳಿಜ್ವರ, ಹೊಟ್ಟೆನೋವು ಕಂಡರೆ ನಾಳದಲ್ಲಿ ಸೋಂಕು ತಗುಲಿರಬಹುದು. ಆಗ ಎರಡು ದಿನವೂ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಿರಿ.

ಮುಂದಿನ ಯತ್ನಕ್ಕೆ ಮುನ್ನ, ಯಾವ ಉಪಾಯವನ್ನು ಅನುಸರಿಸುವಿರಿ, ಅದೂ ಫಲಿಸದಿದ್ದರೆ ಮುಂದೇನು ಎಂದು ಕೇಳಿರಿ. ಅತ್ತೆಯವರು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ತಪ್ಪದೆ ಹೇಳಿರಿ. ಈ ಚಿಕಿತ್ಸೆಯಲ್ಲಿ ಎಕ್ಸ್‌-ರೇ ಬಳಸುವುದರಿಂದ ಕೊರಳಿನ ಬೆಳ್ಳಿಯ ಕರಡಿಗೆ ಚಿತ್ರಕ್ಕೆ ಅಡ್ಡಬರಬಹುದು. ಇಷ್ಟಲಿಂಗವನ್ನು ಅಗಲಲು ಹಿರಿಯರು ನೊಂದುಕೊಳ್ಳುವುದು ಸಹಜ. ಅದನ್ನು ಶುಭ್ರವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಬಹುದೇ ಎಂದು ಮೊದಲೇ ವಿಚಾರಿಸಿರಿ. ಇಲ್ಲವಾದರೆ ನೀವೇ ಭಕ್ತಿಯಿಂದ ಕಾಪಾಡಿ, ಎಚ್ಚರವಾದೊಡನೆ ಅವರಿಗೆ ಧಾರಣ ಮಾಡಿಸಿರಿ. ಅವರ ಮನಸ್ಸಿಗೆ ಸಮಾಧಾನವಿದ್ದರೆ ಚಿಕಿತ್ಸೆಗೆ ಅರ್ಧ ಬಲ ಬಂದಂತೆ.

ಶರಣು ಶರಣಾರ್ಥಿ.