ಟಿಕ್ ಹಾಕಿದರೆ ಸಾಕೇ?

ಆಪರೇಷನ್ ಚೆನ್ನಾಗಿ ಆಗೋಕೆ ಏನು ಬೇಕು ಅಂತ ಯಾರನ್ನಾದರೂ ಕೇಳಿ, "ಒಳ್ಳೇ ಡಾಕ್ಟರು ಸಿಗಬೇಕು" ಅಂತಾರೆ. ನಿಜ. ಆದರೆ ಅಷ್ಟೇ ಸಾಲದು ಅನ್ನೋದಕ್ಕೆ ಒಂದು ಹಾಳೆಯ ಕಥೆ ಇದೆ.

೨೦೦೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರಿಗಾಗಿ ೧೯ ಅಂಶಗಳ ಚೆಕ್‌ಲಿಸ್ಟ್ ಹೊರತಂದಿತು. ಅದರ ಹಿಂದಿದ್ದ ತಂಡದ ಮುಂದಾಳು ಅಮೆರಿಕದ ಸರ್ಜನ್ ಅತುಲ್ ಗವಾಂಡೆ. ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ರೋಗಿ ಇವರೇ ತಾನೇ? ಯಾವ ಕಡೆ ಕೊಯ್ಯಬೇಕು ಅಂತ ಗುರುತು ಹಾಕಿದೆಯಾ? ಆಂಟಿಬಯೋಟಿಕ್ ಕಳೆದ ೬೦ ನಿಮಿಷದೊಳಗೆ ಕೊಟ್ಟಾಗಿದೆಯಾ? ಮುಗಿದ ಮೇಲೆ ಸೂಜಿ, ಬಟ್ಟೆಗಳ ಲೆಕ್ಕ ಸರಿ ಇದೆಯಾ? ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿ ನೋಡಿದರು. ೨೦೦೯ರಲ್ಲಿ ಫಲಿತಾಂಶ ಪ್ರಕಟವಾಯ್ತು. ಸಾವು ಶೇ. ೧.೫ರಿಂದ ೦.೮ಕ್ಕೆ, ತೊಡಕುಗಳು ಶೇ. ೧೧ರಿಂದ ೭ಕ್ಕೆ ಇಳಿದಿದ್ದವು.

ಹಾಗಾದರೆ ಎಲ್ಲ ಕಡೆ ಕಡ್ಡಾಯ ಮಾಡಿದರಾಯ್ತಲ್ಲ? ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿದರು. ಅಲ್ಲಿನ ೧೦೧ ಆಸ್ಪತ್ರೆಗಳ ಲೆಕ್ಕ ೨೦೧೪ರಲ್ಲಿ ಹೊರಬಂತು. ಚೆಕ್‌ಲಿಸ್ಟ್ ಬಳಸ್ತಿದ್ದೀವಿ ಅಂತ ವರದಿ ಕೊಟ್ಟದ್ದು ಶೇ. ೯೦ಕ್ಕೂ ಹೆಚ್ಚು. ಸಾವು-ತೊಡಕುಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ!

ಸಾಫ್ಟ್‌ವೇರಿನವರಿಗೆ ಇದೇನು ಹೊಸದಲ್ಲ ಬಿಡಿ. ರಿಲೀಸ್ ದಿನ ರಾತ್ರಿ ಹನ್ನೊಂದಕ್ಕೆ ಚೆಕ್‌ಲಿಸ್ಟ್ ಕೈಗೆ ಬಂದರೆ ಅದು ಹೇಗೆ ತುಂಬುತ್ತೆ ಅಂತ ನಮಗೆಲ್ಲ ಗೊತ್ತು...

ನನಗನ್ನಿಸೋದು ಇಷ್ಟು. ಕೆಲಸ ಮಾಡೋದು ಹಾಳೆಯಲ್ಲ, ಅದು ಕೊಡೋ ಒಂದು ನಿಮಿಷದ ಬಿಡುವು. ಆ ಬಿಡುವಿನಲ್ಲಿ ನರ್ಸ್ ಒಬ್ಬರು "ಸಾರ್, ಸ್ವಲ್ಪ ನಿಲ್ಲಿ" ಅಂತ ದೊಡ್ಡ ಡಾಕ್ಟರಿಗೆ ಹೇಳೋ ಹಾಗಿರಬೇಕು. ಕೇಸುಗಳು ಸಾಲುಗಟ್ಟಿ, ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಾಗ ಮೊದಲು ಹೋಗೋದೇ ಆ ನಿಮಿಷ.

ಹೆಚ್ಚು ಆಪರೇಷನ್ ಮಾಡೋದೇ ತಪ್ಪು ಅಂತಲ್ಲ. ೧೯೭೬ರಲ್ಲಿ ಮಧುರೈನಲ್ಲಿ ಶುರುವಾದ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ ಒಂದು ಟೇಬಲಿನ ಕೆಲಸ ಮುಗಿಸಿದ ಸರ್ಜನ್ ಪಕ್ಕದ ಟೇಬಲಿಗೆ ತಿರುಗ್ತಾರೆ, ಅಲ್ಲಿ ಮುಂದಿನ ರೋಗಿ ಆಗಲೇ ಸಿದ್ಧ. ಖರ್ಚೂ ಕಡಿಮೆ, ಗುಣಮಟ್ಟಕ್ಕೂ ಒಳ್ಳೇ ಹೆಸರು. ಕಾರಣ, ತಯಾರಿಯ ಕೆಲಸಕ್ಕೆ ತರಬೇತಾದ ಹುಡುಗಿಯರ ದೊಡ್ಡ ಪಡೆಯೇ ಅಲ್ಲಿದೆ.

ಸಿಬ್ಬಂದಿ ಕಡಿತ ಮಾಡಿ ಉಳಿಸಿದ ದುಡ್ಡು ಆಸ್ಪತ್ರೆಯ ಲೆಕ್ಕದಲ್ಲಿ ಲಾಭ. ಹೊಲಿಗೆಯಲ್ಲಿ ಕೀವಾದರೆ ಹೆಚ್ಚಿನ ಬೆಡ್ ಬಾಡಿಗೆ, ಔಷಧಿ, ಜೊತೆಗಿದ್ದವರ ಕಳೆದುಹೋದ ಕೂಲಿ, ಇವೆಲ್ಲ ರೋಗಿಯ ಮನೆಯ ಲೆಕ್ಕದಲ್ಲಿ.

ಹೊಸ ಮೆಷಿನ್ ಬಂದಿದೆ ಅಂತ ಆಸ್ಪತ್ರೆಗಳು ಬೋರ್ಡ್ ಹಾಕ್ತಾವೆ. ಪ್ರತಿ ಥಿಯೇಟರಿಗೆ ಎಷ್ಟು ನರ್ಸ್ ಇದ್ದಾರೆ ಅಂತಲೂ ಹಾಕಲಿ. ನೀವೇನಂತೀರಿ?