ಕ್ಯಾಮೆರಾದ ಎರಡನೆಯ ಕಾರ್ಡು

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ದಿನ ವೇದಿಕೆಯ ಮಗ್ಗುಲಲ್ಲಿ ನಿಂತು ಫೋಟೊ ತೆಗೆಯುತ್ತಿದ್ದೆ. ಇತಿಹಾಸದ ಅಧ್ಯಾಪಕರೊಬ್ಬರು ನನ್ನ ಕೈಯಲ್ಲಿದ್ದ ಕ್ಯಾಮೆರಾದ ಪಕ್ಕದ ಮುಚ್ಚಳ ತೆರೆದುದನ್ನು ಕಂಡು, "ಇದೇನಯ್ಯ, ಇದರೊಳಗೆ ಎರಡು ಕಾರ್ಡು? ಒಂದು ಸಾಲದೆ?" ಎಂದು ಕೇಳಿದರು. ಅಷ್ಟರಲ್ಲಿ ಪ್ರಾರ್ಥನೆ ಆರಂಭವಾಯಿತು. "ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಸಾರ್" ಎಂದಷ್ಟೆ ಹೇಳಿ ನುಣುಚಿಕೊಂಡೆ. ಅವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಸಾಲ ನನ್ನ ಮೇಲೆ ಉಳಿದುಹೋಯಿತು. ಈಗ ಸಂಪಾದಕರು ಲೇಖನ ಬೇಕೆಂದು ಬೆನ್ನು ಹತ್ತಿರುವುದರಿಂದ ಆ ಸಾಲವನ್ನು ಇಲ್ಲಿಯೇ ತೀರಿಸಿಬಿಡುತ್ತೇನೆ.

ಈ ಯಂತ್ರದ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ಒಂದೆರಡು ಮಾತು. ಹಿಂದಿನ ಕ್ಯಾಮೆರಾಗಳಲ್ಲಿ ಫಿಲ್ಮಿನ ಸುರುಳಿ ಇದ್ದ ಜಾಗದಲ್ಲಿ ಈಗ ಮೆಮೊರಿ ಕಾರ್ಡು ಬಂದಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್.ಡಿ. ಕಾರ್ಡು 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಅಂಚೆಚೀಟಿಗಿಂತ ಹೆಚ್ಚು ದೊಡ್ಡದೇನಲ್ಲ. ಅದನ್ನು ತೂರಿಸುವ ಕಂಡಿಗೆ ಸ್ಲಾಟ್ ಎನ್ನುತ್ತಾರೆ. ಬಹುಕಾಲ ಕ್ಯಾಮೆರಾಗಳಿಗೆ ಒಂದೇ ಸ್ಲಾಟ್ ಇರುತ್ತಿತ್ತು. ಎರಡು ಸ್ಲಾಟ್ ಎಂಬುದು ವೃತ್ತಿಯವರ ಭಾರಿ ಬೆಲೆಯ ಕ್ಯಾಮೆರಾಗಳ ಭಾಗ್ಯವಾಗಿತ್ತು: 2004ರ ಕೆನಾನ್ 1ಡಿ ಮಾರ್ಕ್ 2ರಲ್ಲಿ ಎರಡು ಬಗೆಯ ಕಾರ್ಡುಗಳಿಗೆ ಸ್ಥಳವಿತ್ತು; 2007ರ ನಿಕಾನ್ ಡಿ3ರಲ್ಲಿ ಒಂದೇ ಬಗೆಯ ಎರಡು ಕಾರ್ಡುಗಳಿಗೆ ಇತ್ತು. 2010ರಲ್ಲಿ ನಿಕಾನ್ ಡಿ7000 ಬಂದ ಮೇಲೆ ಮಧ್ಯಮ ಬೆಲೆಯವರಿಗೂ ಆ ಭಾಗ್ಯ ಒದಗಿತು. ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಎರಡು ಸ್ಲಾಟಿನ ಕ್ಯಾಮೆರಾ ಈಗ ಅಪರೂಪವೇನಲ್ಲ.

ಎರಡನೆಯ ಕಾರ್ಡು ಏನು ಮಾಡಬೇಕೆಂಬುದನ್ನು ಕ್ಯಾಮೆರಾದ ಮೆನುವಿನಲ್ಲಿ ನಾವೇ ಹೇಳಬೇಕು. ಮೊದಲನೆಯದು ತುಂಬಿದ ಮೇಲೆ ಎರಡನೆಯದು ತುಂಬಲಿ ಎನ್ನಬಹುದು. ಅದಕ್ಕೆ ಓವರ್‌ಫ್ಲೋ ಎಂದು ಹೆಸರು. ಪ್ರತಿಯೊಂದು ಚಿತ್ರವೂ ಏಕಕಾಲದಲ್ಲಿ ಎರಡರಲ್ಲಿಯೂ ಬೀಳಲಿ ಎನ್ನಬಹುದು, ಅದು ಬ್ಯಾಕಪ್. ದೊಡ್ಡ ಗಾತ್ರದ 'ರಾ' ಚಿತ್ರ ಒಂದರಲ್ಲಿ, ಅದೇ ಚಿತ್ರದ ಚಿಕ್ಕ 'ಜೆಪೆಗ್' ರೂಪ ಇನ್ನೊಂದರಲ್ಲಿ ಎಂದು ಹಂಚಲೂಬಹುದು. ನನ್ನ ಅಭಿಪ್ರಾಯ ಇಷ್ಟೆ: ಇನ್ನೊಬ್ಬರು ಕರೆದರೆಂದು ಹೋಗಿ ಅವರ ಸಮಾರಂಭದ ಚಿತ್ರ ತೆಗೆಯುವವನು, ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದ್ದರೆ, ಬ್ಯಾಕಪ್ ಅಲ್ಲದೆ ಬೇರೆ ಕ್ರಮವನ್ನು ಇಟ್ಟುಕೊಳ್ಳಬಾರದು. ಹಣ ಪಡೆದು ತೆಗೆದರೂ ಸರಿಯೆ, ಸ್ನೇಹಕ್ಕೆ ತೆಗೆದರೂ ಸರಿಯೆ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಕಾಲೇಜಿಗೆ ಸೇರಿದಂದಿನಿಂದ ಲಗ್ನದ ತಿಂಗಳುಗಳಲ್ಲಿ ನಮ್ಮೂರಿನ ಸ್ಟುಡಿಯೊ ಒಂದರ ಜೊತೆ ಸಹಾಯಕನಾಗಿ ಹೋಗುತ್ತಿದ್ದೇನೆ. ಮೊದಲು ಲೈಟು ಹಿಡಿಯುವ ಕೆಲಸ. ಆಮೇಲೆ ಬ್ಯಾಟರಿ, ಕಾರ್ಡುಗಳ ಉಸ್ತುವಾರಿ. ಕೊನೆಗೆ ಕ್ಯಾಮೆರಾವೇ ಕೈಗೆ ಬಂತು. ಎರಡು ವರ್ಷದ ಹಿಂದೆ ವೈಶಾಖ ಮಾಸದಲ್ಲಿ ಒಂದು ಮದುವೆ. ವಧುವಿನ ಕಡೆಯ ಚಿತ್ರಗಳೆಲ್ಲ ನನ್ನ ಪಾಲಿಗೆ ಬಂದಿದ್ದುವು. ಎರಡು ದಿನದ ಕೆಲಸ, ನಡುವೆ ಕಾರ್ಡು ಬದಲಾಯಿಸುವ ತೊಂದರೆ ಯಾಕೆ ಎಂದು ಓವರ್‌ಫ್ಲೋಗೆ ಇಟ್ಟವನು ನಾನೇ. ಯಜಮಾನರು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹಿಂದಿನ ರಾತ್ರಿ ವರಪೂಜೆ, ಬೆಳಗ್ಗೆ ಧಾರೆ, ಮಾಂಗಲ್ಯಧಾರಣೆ ಎಲ್ಲ ಸುಸೂತ್ರವಾಗಿ ಮುಗಿದುವು. ಎರಡನೆಯ ಪಂಕ್ತಿಯ ಊಟಕ್ಕೆ ಎಲೆ ಹಾಕುತ್ತಿದ್ದಾಗ, ಬಂದ ಚಿತ್ರಗಳನ್ನೊಮ್ಮೆ ನೋಡೋಣವೆಂದು ಗುಂಡಿ ಒತ್ತಿದೆ. ಈ ಕಾರ್ಡನ್ನು ಓದಲಾಗುವುದಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ಬಂತು. ಕಾರ್ಡು ತೆಗೆದು ಹಾಕಿದೆ, ಬ್ಯಾಟರಿ ತೆಗೆದು ಹಾಕಿದೆ, ಅದೇ ಸಾಲು. ಮೊದಲನೆಯ ಕಾರ್ಡು ಇನ್ನೂ ತುಂಬಿರಲಿಲ್ಲವಾದ್ದರಿಂದ ಎರಡನೆಯದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಎರಡು ದಿನವೂ ಅದು ಕೆಟ್ಟ ಕಾರ್ಡಿನ ಮಗ್ಗುಲಲ್ಲಿಯೇ ಖಾಲಿಯಾಗಿ ಕುಳಿತಿತ್ತು.

ಬೆಂಗಳೂರಿನಲ್ಲಿ ಕಳೆದುಹೋದ ಚಿತ್ರಗಳನ್ನು ಹೊರತೆಗೆದು ಕೊಡುವವರಲ್ಲಿಗೆ ಕಾರ್ಡು ಹೋಯಿತು. ಕೆಲವು ನೂರು ಚಿತ್ರಗಳು ಬಂದುವು. ಅವುಗಳಲ್ಲಿಯೂ ಅನೇಕವು ಅರ್ಧ ಚಿತ್ರ, ಅರ್ಧ ಬೂದು ಬಣ್ಣದ ಪಟ್ಟೆ. ಧಾರೆಯ ಚಿತ್ರಗಳು ನೆಂಟರ ಮೊಬೈಲುಗಳಲ್ಲಿ ಹೇಗೋ ಸಿಕ್ಕಿದುವು. ಯಜಮಾನರು ಹಣ ಹಿಂದಿರುಗಿಸಿದರು. ಪ್ರಕರಣ ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದೆ. ಆಷಾಢಕ್ಕೆ ಮುಂಚೆ ವಧುವಿನ ತಾಯಿಯ ತಂದೆ ತೀರಿಕೊಂಡರು. ಮದುವೆಯ ದಿನ ಅವರನ್ನು ಕುರ್ಚಿಯ ಸಮೇತ ಎತ್ತಿ ತಂದು ಮಂಟಪದ ಪಕ್ಕ ಕೂಡಿಸಿದ್ದರು. ನಡುಗುವ ಕೈಯಿಂದ ಮೊಮ್ಮಗಳಿಗೆ ಅಕ್ಷತೆ ಹಾಕಿದ್ದನ್ನು ನಾನು ತೆಗೆದಿದ್ದೆ. ಬೇರೆ ಯಾರೂ ತೆಗೆದಿರಲಿಲ್ಲ. ಎಲ್ಲರ ಮೊಬೈಲೂ ಆಗ ಗಂಡುಹೆಣ್ಣಿನ ಕಡೆಗೆ ತಿರುಗಿತ್ತು. ಆ ತಾಯಿ ಸ್ಟುಡಿಯೊಗೆ ಬಂದು, "ಇನ್ನೊಂದ್ಸಲ ಹುಡುಕಿ ನೋಡಪ್ಪಾ. ನಮ್ಮಪ್ಪ ಅಕ್ಷತೆ ಹಾಕಿದ್ದು ಒಂದು ಸಿಕ್ಕಿದ್ರೆ ಸಾಕು" ಎಂದರು. ಅವರು ಬೈದಿದ್ದರೆ ವಾಸಿಯಾಗುತ್ತಿತ್ತು.

ಕಾರ್ಡು ಯಾಕೆ ಕೆಡುತ್ತದೆ? ಅದರೊಳಗೆ ತಿರುಗುವ ಚಕ್ರವಿಲ್ಲ, ಸವೆಯುವ ಹಲ್ಲಿಲ್ಲ. ಸಿಲಿಕಾನಿನ ಅತಿ ಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಕೂಡಿಹಾಕಿ ಚಿತ್ರವನ್ನು ಕಾಯ್ದಿಡುತ್ತಾರೆ. ಬರೆದು ಅಳಿಸಿ ಮಾಡುವುದಕ್ಕೆ ಆ ಕೋಶಗಳಿಗೆ ಒಂದು ಮಿತಿಯುಂಟು. ಆದರೆ ಆ ಮಿತಿ ಮುಟ್ಟಿ ಸಾಯುವ ಕಾರ್ಡುಗಳಿಗಿಂತ ಬೇರೆ ಕಾರಣಗಳಿಂದ ಸಾಯುವವೇ ನಮ್ಮ ಕಣ್ಣಿಗೆ ಹೆಚ್ಚು ಬೀಳುತ್ತವೆ. ಕೋಶಗಳ ಲೆಕ್ಕಪತ್ರ ನೋಡಿಕೊಳ್ಳುವ ಒಂದು ಪುಟ್ಟ ಚಿಪ್ಪು ಕಾರ್ಡಿನೊಳಗೇ ಇದೆ. ಅದು ಕೈಕೊಟ್ಟರೆ ಚಿತ್ರಗಳು ಒಳಗೆ ಇದ್ದರೂ ಇಲ್ಲದಂತೆಯೆ. ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಕ್ಯಾಮೆರಾ ಬರೆಯುತ್ತಿರುವಾಗ ಕೆಂಪು ದೀಪ ಮಿನುಗುತ್ತದೆ. ಆಗ ಅವಸರಪಟ್ಟು ಕಾರ್ಡು ಕಿತ್ತರೆ ಚಿತ್ರಗಳ ಪಟ್ಟಿಯೇ ಹಾಳಾಗಬಹುದು. ಇನ್ನು ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಕಾರ್ಡುಗಳ ಕತೆಯೇ ಬೇರೆ. ಮೇಲೆ 128 ಜಿಬಿ ಎಂದು ಅಚ್ಚಾಗಿರುತ್ತದೆ, ಒಳಗೆ ಅದರ ಕಾಲುಭಾಗವೂ ಇರುವುದಿಲ್ಲ. ಹಿಡಿಸದಷ್ಟು ಚಿತ್ರಗಳನ್ನು ಅದು ಸದ್ದಿಲ್ಲದೆ ನುಂಗುತ್ತದೆ. ಮನುಷ್ಯನಾದರೆ ಕಾಯಿಲೆ ಬೀಳುವ ಮುಂಚೆ ನಾಲ್ಕು ದಿನ ಕೆಮ್ಮುತ್ತಾನೆ. ಕಾರ್ಡಿಗೆ ಆ ದಾಕ್ಷಿಣ್ಯವೂ ಇಲ್ಲ.

ನನ್ನ ಮಾತಿಗೆ ಸ್ಟುಡಿಯೊ ಮಿತ್ರರಿಂದ ಬರುವ ಆಕ್ಷೇಪಣೆಗಳಲ್ಲಿ ಒಂದಕ್ಕೆ ಮಾತ್ರ ತೂಕವಿದೆ. ಎರಡು ಕಾರ್ಡಿಗೂ ಒಟ್ಟಿಗೆ ಬರೆಯುವಾಗ ನಿಧಾನದ ಕಾರ್ಡು ಯಾವುದೋ ಅದರ ವೇಗಕ್ಕೇ ಕ್ಯಾಮೆರಾ ಇಳಿಯಬೇಕಾಗುತ್ತದೆ. ಜೋಡಿ ಎತ್ತುಗಳಲ್ಲಿ ಒಂದು ಮುದಿಯಾದರೆ ಗಾಡಿ ಹೋಗುವ ಹಾಗೆ. ಕೆಲವು ಕ್ಯಾಮೆರಾಗಳಲ್ಲಿ ಸ್ಲಾಟುಗಳೇ ಸಮಾನವಲ್ಲ. 2012ರ ಕೆನಾನ್ 5ಡಿ ಮಾರ್ಕ್ 3ರಲ್ಲಿ ಎಸ್.ಡಿ. ಸ್ಲಾಟ್ ಇನ್ನೊಂದಕ್ಕಿಂತ ಬಹಳ ನಿಧಾನ. 2018ರ ಸೋನಿ ಎ7 3ರಲ್ಲಿ ಒಂದು ಸ್ಲಾಟ್ ಮಾತ್ರ ವೇಗದ ಯು.ಎಚ್.ಎಸ್-2 ಕಾರ್ಡಿನ ಪೂರ್ಣ ಪ್ರಯೋಜನ ಪಡೆಯುತ್ತದೆ. ಆದ್ದರಿಂದ ನಮ್ಮ ಕ್ರೀಡಾದಿನದ ನೂರು ಮೀಟರ್ ಓಟದಲ್ಲಿ ಗುಂಡಿ ಒತ್ತಿ ಹಿಡಿದು ಚಿತ್ರಗಳ ಸುರಿಮಳೆ ಸುರಿಸುವವನಿಗೆ ಕ್ಯಾಮೆರಾ ನಡುವೆ ಉಸಿರು ಕಟ್ಟಿ ನಿಲ್ಲಬಹುದು. ಅಂಥವನು ಜೆಪೆಗ್ ರೂಪವನ್ನು ಎರಡನೆಯದಕ್ಕೆ ಹಂಚಿದರೆ ನನ್ನ ತಕರಾರಿಲ್ಲ; ಅದು ಅರ್ಧ ರಕ್ಷಣೆಯಲ್ಲ, ಮುಕ್ಕಾಲು ರಕ್ಷಣೆ. ಆದರೆ ಮದುವೆಯಲ್ಲಿ ಯಾರು ಓಡುತ್ತಾರೆ? ಪುರೋಹಿತರೇ ಎಲ್ಲರಿಗಿಂತ ವೇಗದವರು, ಅವರನ್ನು ಹಿಡಿಯಲು ಯಾವ ಕಾರ್ಡಾದರೂ ಸಾಕು.

ಖರ್ಚಿನ ಮಾತು ನಿಲ್ಲುವುದಿಲ್ಲ. ಎರಡನೆಯ ಕಾರ್ಡಿನ ಬೆಲೆ ಮದುವೆಯ ಆಲ್ಬಮ್ಮಿನ ಹೊದಿಕೆಗೂ ಸಾಲದು. ಜಾಗ ಸಾಲದೆಂಬ ಮಾತೂ ಅಷ್ಟೆ: 24 ಮೆಗಾಪಿಕ್ಸೆಲ್ಲಿನ ರಾ ಚಿತ್ರಗಳು 64 ಜಿಬಿ ಕಾರ್ಡಿನಲ್ಲಿ ಸುಮಾರು ಎರಡು ಸಾವಿರ ಹಿಡಿಸುತ್ತವೆ. "ಇಪ್ಪತ್ತು ವರ್ಷದಲ್ಲಿ ನನಗೆ ಒಂದು ಸಲವೂ ಹೀಗಾಗಿಲ್ಲ" ಎನ್ನುವವರಿಗೆ ಉತ್ತರ ಹೇಳುವುದು ಕಷ್ಟ. ಆ ವೈಶಾಖದ ತನಕ ನಾನೂ ಹಾಗೆಯೇ ಹೇಳುತ್ತಿದ್ದೆ.

ಈ ಚರ್ಚೆ ನಮ್ಮೂರಿಗೆ ಮಾತ್ರ ಸೀಮಿತವಲ್ಲ. 2018ರಲ್ಲಿ ನಿಕಾನ್ ಝಡ್6, ಝಡ್7 ಮತ್ತು ಕೆನಾನ್ ಇ.ಒ.ಎಸ್. ಆರ್ ಕ್ಯಾಮೆರಾಗಳು ಒಂದೇ ಸ್ಲಾಟಿನೊಡನೆ ಬಂದಾಗ ಜಗತ್ತಿನ ಮದುವೆ ಛಾಯಾಗ್ರಾಹಕರು ದೊಡ್ಡ ಗದ್ದಲವೆಬ್ಬಿಸಿದರು. 2020ರಲ್ಲಿ ಬಂದ ಝಡ್6 2, ಝಡ್7 2 ಮತ್ತು ಕೆನಾನಿನ ಆರ್5, ಆರ್6ಗಳಲ್ಲಿ ಎರಡೆರಡು ಸ್ಲಾಟುಗಳಿದ್ದುವು. ಆದರೆ ಗದ್ದಲ ಮಾಡಿ ಪಡೆದ ಸ್ಲಾಟನ್ನು ಓವರ್‌ಫ್ಲೋಗೆ ಇಟ್ಟುಕೊಂಡವರು ಎಷ್ಟು ಮಂದಿಯೋ!

ನಮ್ಮಂಥ ಕಲಾ ಕಾಲೇಜಿನಲ್ಲಿ ಈ ಯಂತ್ರಪುರಾಣ ಯಾಕೆ ಎನ್ನುವವರು ಇದ್ದಾರು. ಎರಡು ಪ್ರತಿಯ ಬೆಲೆ ಕನ್ನಡ ಓದುವವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಹತ್ತನೆಯ ಶತಮಾನದ ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ತರಗತಿಯಲ್ಲಿ ಕೇಳಿದ್ದೇವೆ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಪೂರ್ತಿಯಾಗಿ ನಮಗೆ ಸಿಕ್ಕಿಲ್ಲ. ಪ್ರತಿಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೆಂದು ನಾನು ವಾದಿಸಲಾರೆ. ಓಲೆಗರಿಗೆ ಗೆದ್ದಲೂ ಉಂಟು, ಬೆಂಕಿಯೂ ಉಂಟು. ಆದರೆ ಅತ್ತಿಮಬ್ಬೆ ಹತ್ತು ಪ್ರತಿ ಸಾಕೆಂದು ಕೈಬಿಡಲಿಲ್ಲ, ಮತ್ತು ಸಾವಿರವನ್ನೂ ಒಂದೇ ಬಸದಿಯಲ್ಲಿ ಇಡಲಿಲ್ಲ.

ಈ ಎರಡನೆಯ ಮಾತು ಕ್ಯಾಮೆರಾಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ಎರಡು ಕಾರ್ಡೂ ಒಂದೇ ಹೊಟ್ಟೆಯಲ್ಲಿರುವ ತನಕ ಕಳ್ಳನಿಗೆ ಅವು ಒಂದೇ. ಕ್ಯಾಮೆರಾ ಕೆರೆಗೆ ಬಿದ್ದರೆ ಎರಡೂ ಬಿದ್ದಂತೆ. ಸ್ಲಾಟ್ ರಕ್ಷಿಸುವುದು ಒಂದು ಕಾರ್ಡಿನ ಸಾವಿನಿಂದ ಮಾತ್ರ. ಆದ್ದರಿಂದ ಕೆಲಸ ಮುಗಿದೊಡನೆ ಒಂದನ್ನು ಹೊರತೆಗೆಯಬೇಕು. ಕಂಪ್ಯೂಟರಿಗೆ ಇಳಿಸಿ, ತೆರೆದು ನೋಡುವ ತನಕ ಎರಡರಲ್ಲಿ ಯಾವುದನ್ನೂ ಅಳಿಸಕೂಡದು. ನಾಳೆಯ ಮದುವೆಗೆ ಕಾರ್ಡು ಬೇಕಲ್ಲ ಎಂದು ಇಂದಿನದನ್ನು ಅಳಿಸುವ ಸ್ಟುಡಿಯೊಗಳನ್ನು ನೋಡಿದ್ದೇನೆ. ಅವರಿಗೆ ಎರಡಲ್ಲ, ಹತ್ತು ಸ್ಲಾಟ್ ಕೊಟ್ಟರೂ ಉಪಯೋಗವಿಲ್ಲ.

ಒಂದೇ ಸ್ಲಾಟಿನ ಕ್ಯಾಮೆರಾ ಇರುವವರು ಕೆಲಸ ಬಿಡಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಕಾಲೇಜಿನ ಕ್ಯಾಮೆರಾಕ್ಕೂ ಇರುವುದು ಒಂದೇ. ಎರಡು ಕಾರ್ಡಿನದನ್ನು ನಾನು ಸ್ಟುಡಿಯೊದಿಂದ ಬೇಡಿ ತಂದಿದ್ದೆ. ಒಂದೇ ಇದ್ದರೆ ಚಿಕ್ಕ ಕಾರ್ಡುಗಳನ್ನು ಬಳಸಿ, ಬಹುಮಾನ ವಿತರಣೆಗೆ ಮುಂಚೆ ಒಂದು ಸಲ, ನಾಟಕಕ್ಕೆ ಮುಂಚೆ ಇನ್ನೊಂದು ಸಲ ಬದಲಾಯಿಸಬಹುದು. ಕೆಟ್ಟರೂ ದಿನವೆಲ್ಲ ಕೆಡುವುದಿಲ್ಲ. ಮುಂದೆ ಕಾಲೇಜು ಹೊಸ ಕ್ಯಾಮೆರಾ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಎಂಬುದಕ್ಕಿಂತ ಮೊದಲು ಪಕ್ಕದ ಮುಚ್ಚಳ ತೆರೆದು ನೋಡಬೇಕೆಂದು ಪ್ರಾಂಶುಪಾಲರಲ್ಲಿಯೂ ಸಾಂಸ್ಕೃತಿಕ ಸಮಿತಿಯವರಲ್ಲಿಯೂ ನನ್ನ ವಿನಂತಿ. ಈ ಸಂಚಿಕೆಯ ಚಿತ್ರಪುಟಗಳಲ್ಲಿ ನಿವೃತ್ತರಾಗುತ್ತಿರುವ ಅಧ್ಯಾಪಕರಿಗೆ ಹಾರ ಹಾಕುವ ಚಿತ್ರವಿದೆ. ಆ ರಾತ್ರಿ ಅದರ ಒಂದು ಪ್ರತಿ ನನ್ನ ಅಂಗಿಯ ಜೇಬಿನಲ್ಲಿ ಹಾಸ್ಟೆಲಿಗೆ ಹೋಯಿತು. ಇನ್ನೊಂದು, ಅಧ್ಯಾಪಕರ ಅಪ್ಪಣೆಯ ಮೇರೆಗೆ, ಇತಿಹಾಸ ವಿಭಾಗದ ಬೀರುವಿನಲ್ಲಿ ಮಲಗಿತ್ತು.